ಮೂರೂವರೆ ಟನ್ನಿನ ಪಿಕಪ್‌ಗೆ ಡ್ರ್ಯಾಗ್ ಟೈರ್ ಹಾಕುವುದು: ತೂಕದ ಚೀಟಿಯಿಂದ ಶುರು ಮಾಡಿ

ಅಮೆರಿಕದ ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ (ನಿಂತಲ್ಲಿಂದ ನೇರ ದಾರಿಯಲ್ಲಿ ಓಡಿಸುವ ಪಂದ್ಯದ ಪಟ್ಟಿ) ಓಡುವ ಡೀಸೆಲ್ ಪಿಕಪ್‌ಗಳಲ್ಲಿ ಹೆಚ್ಚಿನವು ರಾಮ್ 2500, ಫೋರ್ಡ್ ಎಫ್-250 ಸೂಪರ್ ಡ್ಯೂಟಿ, ಶೆವರ್ಲೆ ಸಿಲ್ವರಾಡೊ 2500 ಎಚ್‌ಡಿ ತರಹದವು. ಚಾಲಕ ಕೂತು, ಅರ್ಧ ಟ್ಯಾಂಕ್ ಡೀಸೆಲ್ ಇದ್ದರೆ ತೂಕ ಮೂರೂಕಾಲು, ಮೂರೂವರೆ ಟನ್. ಇವಕ್ಕೆ ಕಂಪನಿ ಹಾಕಿ ಕೊಡುವುದು ಲೋಡ್ ರೇಂಜ್ ಇ ದರ್ಜೆಯ ಎಲ್‌ಟಿ (ಲೈಟ್ ಟ್ರಕ್) ಟೈರ್. 80 ಪಿಎಸ್ಐ ಗಾಳಿ ತಡೆಯುವ ಗಟ್ಟಿ ಪಕ್ಕೆ, ಬೇಗ ಸವೆಯದ ರಬ್ಬರ್. ಟ್ರೇಲರ್ ಎಳೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಅದೇ ಗುಣ ಅಡ್ಡ ಬರುತ್ತದೆ: ಪಕ್ಕೆ ಮಡಚುವುದಿಲ್ಲ, ರಬ್ಬರ್ ನೆಲಕ್ಕೆ ಅಂಟುವುದಿಲ್ಲ, ಟರ್ಬೊ ಬೂಸ್ಟ್ ಏರಿದ ಕ್ಷಣ ನಾಲ್ಕೂ ಗಾಲಿ ಗಿರ್ರನೆ ತಿರುಗುತ್ತವೆ.

ಹಗುರ ಕಾರಿಗೆ ಡ್ರ್ಯಾಗ್ ಟೈರ್ ಹಾಕುವವರು ಅಗಲ ನೋಡಿ ಕೊಳ್ಳುತ್ತಾರೆ. ಪಿಕಪ್‌ಗೆ ಆ ದಾರಿ ಹಿಡಿದರೆ ಅಪಾಯ. ಇಲ್ಲಿ ಮೊದಲು ನೋಡಬೇಕಾದದ್ದು ಮುಂದಿನ ಆಕ್ಸಲ್ ಮೇಲೆ ಎಷ್ಟು ಭಾರ ಕೂತಿದೆ ಎಂಬುದನ್ನು. ರಿಮ್ಮಿನ ಅಳತೆ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ದೂರ ಎಂಬುದು), ಗಾಳಿ ಎಲ್ಲವೂ ಆಮೇಲೆ.

ತೂಕದ ಲೆಕ್ಕ

ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಮುಂದಿನ ಗಾಲಿ ಒಂದು ಹಲಗೆಯ ಮೇಲೆ, ಹಿಂದಿನವು ಇನ್ನೊಂದರ ಮೇಲೆ ಬರುವಂತೆ ನಿಲ್ಲಿಸಿದರೆ ಎರಡೂ ಆಕ್ಸಲ್‌ನ ಭಾರ ಬೇರೆ ಬೇರೆ ಬರೆದ ಚೀಟಿ ಕೊಡುತ್ತಾರೆ. ಸ್ಟ್ರಿಪ್‌ಗೆ ಹೋಗುವಾಗ ಗಾಡಿ ಹೇಗಿರುತ್ತದೋ ಹಾಗೆಯೇ ತೂಗಿಸಿ. ಚಾಲಕರೂ ಒಳಗೆ ಕೂತಿರಲಿ.

ಡೀಸೆಲ್ ಎಂಜಿನ್, ನಾಲ್ಕು ಬಾಗಿಲಿನ ಕ್ಯಾಬ್, ಫೋರ್ ವೀಲ್ ಡ್ರೈವ್ ಇರುವ ಗಾಡಿಯಲ್ಲಿ ಮುಂದಿನ ಆಕ್ಸಲ್ ಭಾರ 2000 ಕೆಜಿ ಬಂತು ಅಂದುಕೊಳ್ಳಿ. ಒಂದೊಂದು ಟೈರಿಗೆ 1000 ಕೆಜಿ. ಟೈರಿನ ಪಕ್ಕೆಯಲ್ಲಿ ಅಳತೆಯ ಮುಂದೆ ಲೋಡ್ ಇಂಡೆಕ್ಸ್ ಅಚ್ಚಾಗಿರುತ್ತದೆ. 110 ಅಂದರೆ 1060 ಕೆಜಿ. ಸಾಕಲ್ಲ ಅನ್ನಿಸುತ್ತದೆ, ಸಾಲದು. ರಸ್ತೆಗೆ ಇಳಿಸಬಹುದಾದ ಡ್ರ್ಯಾಗ್ ರೇಡಿಯಲ್‌ಗಳಲ್ಲಿ ಹೆಚ್ಚಿನವು ಪ್ಯಾಸೆಂಜರ್ ದರ್ಜೆಯವು. ಆ ದರ್ಜೆಯ ಟೈರನ್ನು ಟ್ರಕ್‌ಗೆ ಹಾಕುವಾಗ ಅದರ ಹೊರೆಯ ಮಿತಿಯನ್ನು 1.10ರಿಂದ ಭಾಗಿಸಬೇಕು, ಅಮೆರಿಕದ ಫೆಡರಲ್ ಸುರಕ್ಷತಾ ನಿಯಮದ ಲೆಕ್ಕ ಇದು. 1060 ಹೋಗಿ 964 ಕೆಜಿ ಆಯಿತು. ಗಾಡಿ ಇನ್ನೂ ನಿಂತಿರುವಾಗಲೇ ಟೈರ್ ಮಿತಿ ಮೀರಿದೆ! 112 ಇದ್ದರೆ 1120 ಭಾಗಿಸು 1.10, ಅಂದರೆ 1018 ಕೆಜಿ: ಕೂದಲೆಳೆಯಲ್ಲಿ ಪಾಸು. 114 ಇದ್ದರೆ 1073 ಕೆಜಿ, ಸ್ವಲ್ಪ ನಿರಾಳ. ಎಲ್‌ಟಿ ಎಂದು ಅಚ್ಚಾದ ಟೈರ್‌ಗೆ ಈ ಭಾಗಾಕಾರ ಬೇಡ.

ಹಿಂದಿನ ಗಾಲಿಗಳ ಕಥೆ ಬೇರೆ. ಬೆಡ್ (ಹಿಂಬದಿಯ ಸರಕಿನ ತೊಟ್ಟಿ) ಖಾಲಿ ಇದ್ದರೆ ಹಿಂದಿನ ಆಕ್ಸಲ್ ಮೇಲೆ 1350 ಕೆಜಿ ಆಸುಪಾಸು, ಟೈರಿಗೆ 700 ಕೆಜಿಯೊಳಗೆ. ಅದಕ್ಕೇ ಗಾಳಿ ಇಳಿಸುವ ಆಟವೆಲ್ಲ ಹಿಂದಿನ ಗಾಲಿಗಳಲ್ಲಿ ನಡೆಯುತ್ತದೆ.

ರಿಮ್ಮಿಗೂ ಹೊರೆಯ ಮಿತಿ ಇದೆ. ಒಳಮೈಯಲ್ಲಿ ಅಚ್ಚು ಹಾಕಿರುತ್ತಾರೆ. ಅಚ್ಚಿಲ್ಲದ ರಿಮ್ಮನ್ನು, ಅದು ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಈ ತೂಕದ ಗಾಡಿಗೆ ಕೊಳ್ಳಬೇಡಿ. ಕಾರಿಗೆಂದು ಮಾಡಿದ 15 ಇಂಚಿನ ಹಗುರ ಡ್ರ್ಯಾಗ್ ರಿಮ್ ಈ ಭಾರಕ್ಕಲ್ಲ. ಹಾಕುತ್ತೇನೆಂದರೂ ಕೂರುವುದಿಲ್ಲ, ಇತ್ತೀಚಿನ ಹೆವಿ ಡ್ಯೂಟಿ ಪಿಕಪ್‌ಗಳ ಬ್ರೇಕ್ ಡಿಸ್ಕ್ 14 ಇಂಚಿನ ಹತ್ತಿರ ಇರುವುದರಿಂದ 17 ಇಂಚಿಗಿಂತ ಚಿಕ್ಕ ರಿಮ್ ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಅದುಮುವ ಭಾಗ) ಬಡಿಯುತ್ತದೆ. 17, 18 ಅಥವಾ 20 ಇಂಚು, ಇವುಗಳಲ್ಲೇ ಆರಿಸಿ. ಒಂದೇ ಹೊರ ಅಳತೆಯ ಟೈರ್‌ಗಳಲ್ಲಿ ಚಿಕ್ಕ ರಿಮ್ಮಿನದಕ್ಕೆ ಪಕ್ಕೆ ಎತ್ತರ, ಪಕ್ಕೆ ಎತ್ತರ ಇದ್ದಷ್ಟೂ ಹಿಡಿತ. ಹಾಗಾಗಿ ಬ್ರೇಕ್ ಬಿಟ್ಟುಕೊಡುವ ಅತಿ ಚಿಕ್ಕ ರಿಮ್ಮೇ ಸರಿ.

ಬೋಲ್ಟ್ ಪ್ಯಾಟರ್ನ್: ಎಂಟು ಬೋಲ್ಟ್ ಇದ್ದ ಮಾತ್ರಕ್ಕೆ ಒಂದೇ ಅಲ್ಲ

ಒಂಟಿ ಹಿಂಗಾಲಿಯ ರಾಮ್ 2500 ಮತ್ತು 3500ರಲ್ಲಿ ಎಂಟು ಬೋಲ್ಟ್, 6.5 ಇಂಚಿನ ವೃತ್ತ, ಅಂದರೆ 8×165.1 ಮಿಮೀ. ಶೆವಿ, ಜಿಎಂಸಿ ಹೆವಿ ಡ್ಯೂಟಿಗಳಲ್ಲಿ 2010ರವರೆಗೆ ಇದೇ ಇತ್ತು, 2011ರಿಂದ 8×180. ಫೋರ್ಡ್ ಸೂಪರ್ ಡ್ಯೂಟಿಗೆ 1999ರಿಂದಲೂ 8×170. ಕಣ್ಣಳತೆಗೆ 165ಕ್ಕೂ 170ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಳೆಯ ರಿಮ್ ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಎದುರುಬದುರಿನ ಎರಡು ತೂತುಗಳ ನಡುಬಿಂದುಗಳ ಅಂತರವನ್ನು ಕ್ಯಾಲಿಪರ್ ಗೇಜ್ ಹಿಡಿದು ಅಳೆಯಿರಿ.

ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದರೆ ಹಬ್ ರಿಂಗ್ ಹಾಕಿ; ಚಿಕ್ಕದಿದ್ದರೆ ಆ ರಿಮ್ ನಿಮಗಲ್ಲ, ಲೇತ್‌ನಲ್ಲಿ ಕೊರೆಸುವ ಯೋಚನೆ ಬೇಡ. ಬೋಲ್ಟ್ ಪ್ಯಾಟರ್ನ್ ಬದಲಿಸುವ ಅಡಾಪ್ಟರ್ ತಟ್ಟೆ ಕೂಡ ಬೇಡ. ನಾಲ್ಕೂ ಗಾಲಿಗೆ ಎಳೆತ ಕೊಟ್ಟು ಮೂರೂವರೆ ಟನ್ನನ್ನು ನಿಂತಲ್ಲಿಂದ ಎಬ್ಬಿಸುವಾಗ ಆ ತಟ್ಟೆಯೇ ಮುರಿಯುವ ಜಾಗ. ಹಿಂದೆ ಜೋಡಿ ಗಾಲಿಯಿರುವ ಡ್ಯೂಯಲಿ ಗಾಡಿಗಳ ಹಬ್ ಬೇರೆಯದೇ, ಈ ಲೆಕ್ಕ ಅವಕ್ಕೆ ಹೊಂದುವುದಿಲ್ಲ.

ನಟ್ಟಿನ ಕೂರುವ ಮೈ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಸೂಪರ್ ಡ್ಯೂಟಿಯ ಕಂಪನಿ ನಟ್ಟಿಗೆ ಚಪ್ಪಟೆ ವಾಷರ್ ಜೋಡಿಸಿರುತ್ತಾರೆ. ಹೊರಗಿನಿಂದ ತಂದ ಅಲಾಯ್ ರಿಮ್ಮಿಗೆ ಸಾಮಾನ್ಯವಾಗಿ ಬೇಕಾದದ್ದು 60 ಡಿಗ್ರಿ ಶಂಕುವಿನ ನಟ್ಟು. ಚಪ್ಪಟೆ ವಾಷರ್ ಶಂಕುವಿನ ತೂತಿನ ಅಂಚಿನ ಮೇಲಷ್ಟೇ ಕೂತು, ಟಾರ್ಕ್ ವ್ರೆಂಚ್ ಟಕ್ ಅಂದರೂ ಎರಡು ಓಟದಲ್ಲಿ ಸಡಿಲವಾಗುತ್ತದೆ. ಮರೆ (ತಿರುಪಿನ ಸುರುಳಿ) ಕೂಡ ಹೊಂದಬೇಕು. 1999ರಿಂದ 2002ರ ಸೂಪರ್ ಡ್ಯೂಟಿಯದು ಎಂ14×2.0, ಅಂದರೆ ಸ್ಟಡ್ಡಿನ ವ್ಯಾಸ 14 ಮಿಮೀ, ಸುತ್ತಿಗೆ 2 ಮಿಮೀ; ಆಮೇಲಿನವು ಎಂ14×1.5. ಹಳೆಯ ರಾಮ್‌ಗಳಲ್ಲಿ 9/16 ಇಂಚು, ಇಂಚಿಗೆ 18 ಮರೆ. 2012ರಿಂದ ಅಲ್ಲೂ ಎಂ14×1.5. ನಟ್ಟನ್ನು ಕೈಬೆರಳಲ್ಲಿ ಕೊನೆಯವರೆಗೆ ತಿರುಗಿಸಿ ನೋಡಿ. ನಡುವೆ ಬಿಗಿಯಾದರೆ ಅದು ಬೇರೆ ಮರೆಯ ನಟ್ಟು, ಇಲ್ಲವೇ ಮರೆ ಹಾಳಾಗಿದೆ.

ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಂತೆ ನಟ್ಟಿನೊಳಗೆ ಸ್ಟಡ್ಡಿನ ಮರೆ ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಕಚ್ಚಿಕೊಂಡಿರಬೇಕು. ಸ್ಟಡ್ ಎಷ್ಟು ಹೊರಗೆ ಚಾಚಿದೆ ಎಂಬುದು ಲೆಕ್ಕಕ್ಕಿಲ್ಲ. ಸುತ್ತು ಎಣಿಸಿದರೆ ಸುಲಭ: ಎಂ14×1.5ಕ್ಕೆ 14 ಭಾಗಿಸು 1.5, ಅಂದರೆ 9.33, ಒಂಬತ್ತೂವರೆ ಸುತ್ತು ಎಂದಿಟ್ಟುಕೊಳ್ಳಿ. ಎಂ14×2.0ಕ್ಕೆ 7. 9/16 ಇಂಚಿನದಕ್ಕೆ 10ಕ್ಕಿಂತ ತುಸು ಹೆಚ್ಚು. ಡ್ರ್ಯಾಗ್ ರಿಮ್ಮಿನ ನಡುಭಾಗ ಕಂಪನಿ ರಿಮ್ಮಿಗಿಂತ ದಪ್ಪವಿದ್ದರೆ ಈ ಸುತ್ತು ಸಿಗುವುದಿಲ್ಲ, ಆಗ ಉದ್ದನೆಯ ಸ್ಟಡ್ ಹಾಕಿಸಲೇಬೇಕು.

ಅಳತೆ, ಗೇರ್, ಎತ್ತರ

ಕಂಪನಿಯ 275/70 ಆರ್ 18 ಟೈರಿನ ವ್ಯಾಸ: 275ರ ಶೇಕಡಾ 70ರಷ್ಟು ಪಕ್ಕೆ, ಎರಡು ಕಡೆಯದು 385 ಮಿಮೀ, ರಿಮ್ 457; ಒಟ್ಟು 842 ಮಿಮೀ, ಅಂದರೆ 33.2 ಇಂಚು. ಅದರ ಜಾಗಕ್ಕೆ 305/45 ಆರ್ 18 ಬಂದರೆ 732 ಮಿಮೀ, 28.8 ಇಂಚು. ಗಾಡಿ 55 ಮಿಮೀ ಕೆಳಗಿಳಿಯುತ್ತದೆ. 3.73ರ ಆಕ್ಸಲ್ ಗೇರ್ 4.30ರಂತೆ ವರ್ತಿಸುತ್ತದೆ. ಎದ್ದೇಳುವಾಗ ಇದು ವರ, ಕೊನೆಯ ಗೆರೆ ದಾಟುವಾಗ ಲೆಕ್ಕ ಕೇಳುತ್ತದೆ.

ಸೂತ್ರ ಇಷ್ಟು: ಗಂಟೆಗೆ ಮೈಲಿಯನ್ನು ಆಕ್ಸಲ್ ಗೇರಿನಿಂದ ಗುಣಿಸಿ, 336ರಿಂದ ಗುಣಿಸಿ, ಇಂಚಿನ ವ್ಯಾಸದಿಂದ ಭಾಗಿಸಿ. 90 ಮೈಲಿ ವೇಗ, 3.73 ಗೇರ್, ಟ್ರಾನ್ಸ್‌ಮಿಶನ್ ನೇರ ಗೇರಿನಲ್ಲಿದ್ದರೆ ಹಳೆಯ ಟೈರಿನಲ್ಲಿ ಸುಮಾರು 3400 ಆರ್‌ಪಿಎಂ; ಹೊಸದರಲ್ಲಿ 3900. ಫ್ಯಾಕ್ಟರಿ ಟ್ಯೂನ್‌ನ ಕಮಿನ್ಸ್ (ರಾಮ್‌ನ ಡೀಸೆಲ್ ಎಂಜಿನ್) 3200ರ ಆಸುಪಾಸಿನಲ್ಲೇ ಮೇಲಿನ ಗೇರಿಗೆ ಹೋಗುತ್ತದೆ. ಹೊಸ ಟೈರಿನಲ್ಲಿ ಆ ಬದಲಾವಣೆ ಬೇಗ ಬರುತ್ತದೆ, ಕೆಲವೊಮ್ಮೆ ಗೆರೆಯ ಹೊಸ್ತಿಲಲ್ಲೇ. ಟೈರ್ ಕೊಳ್ಳುವ ಮುನ್ನ ಎರಡು ಮೂರು ಅಳತೆಗೆ ಈ ಗುಣಾಕಾರ ಮಾಡಿಕೊಂಡರೆ 30 ಇಂಚಿನದೇ ವಾಸಿ ಅನ್ನಿಸುವುದೂ ಉಂಟು.

ಫೋರ್ ವೀಲ್ ಡ್ರೈವ್‌ನಲ್ಲಿ ಎಬ್ಬಿಸುವವರಾದರೆ ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಮಾದರಿ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದಿನ, ಹಿಂದಿನ ಗಾಲಿಗೆ ಹಂಚುವ ಪೆಟ್ಟಿಗೆ) ಲಾಕ್ ಆದಾಗ ಮುಂದಿನ, ಹಿಂದಿನ ಶಾಫ್ಟ್ ಒಂದೇ ಸುತ್ತು ತಿರುಗುತ್ತವೆ. ಟೈರ್‌ಗಳ ಸುತ್ತಳತೆ ಬೇರೆಯಾದರೆ ಒಂದು ಜೋಡಿ ಜಾರಲೇಬೇಕು. ಅಂಟು ಹಾಸಿದ ಸ್ಟ್ರಿಪ್‌ನಲ್ಲಿ ಜಾರಲು ಆಗದೆ ಆ ತಿಕ್ಕಾಟವೆಲ್ಲ ಚೈನ್ ಮತ್ತು ಯು-ಜಾಯಿಂಟ್ ಮೇಲೆ ಬೀಳುತ್ತದೆ. ಪಕ್ಕೆಯ ಮೇಲಿನ ಸಂಖ್ಯೆ ನಂಬದೆ ಅಳೆಯಿರಿ: ಟೈರ್ ನೆಲ ಮುಟ್ಟುವಲ್ಲಿ ಸೀಮೆಸುಣ್ಣದ ಗೆರೆ, ನೆಲದಲ್ಲೂ ಗೆರೆ, ಗಾಡಿಯನ್ನು ಒಂದು ಪೂರ್ತಿ ಸುತ್ತು ತಳ್ಳಿ ಮತ್ತೆ ಗೆರೆ. ನಾಲ್ಕರ ನಡುವಿನ ಅಂತರ 6 ಮಿಮೀ ಒಳಗಿರಲಿ. ಮುಂದೆ ರೇಡಿಯಲ್, ಹಿಂದೆ ಬಯಾಸ್ ಸ್ಲಿಕ್ (ಒಳಪದರದ ನೂಲು ಓರೆಯಾಗಿರುವ, ಕಾಲುವೆಯಿಲ್ಲದ ರೇಸ್ ಟೈರ್) ಎಂಬ ಬೆರಕೆ ಇಲ್ಲಿ ನಡೆಯುವುದೇ ಇಲ್ಲ. ಬಯಾಸ್ ಟೈರ್ ವೇಗಕ್ಕೆ ಹಿಗ್ಗುತ್ತದೆ.

ಒಳಗೆ ಎಷ್ಟು, ಹೊರಗೆ ಎಷ್ಟು

305ರ ಟೈರಿಗೆ 10 ಇಂಚಿನ ರಿಮ್ ಚೆನ್ನಾಗಿ ಹೊಂದುತ್ತದೆ. 10 ಇಂಚು ಅನ್ನುವುದು ಟೈರ್ ಕೂರುವ ಜಾಗದ ಅಳತೆ. ಅಂಚಿನಿಂದ ಅಂಚಿಗೆ 11 ಇಂಚು. ಆಫ್‌ಸೆಟ್ ಸೊನ್ನೆಯಾದರೆ ಬ್ಯಾಕ್‌ಸ್ಪೇಸ್ (ಹಬ್ಬಿಗೆ ತಾಗುವ ಮುಖದಿಂದ ರಿಮ್ಮಿನ ಒಳ ಅಂಚಿನ ತನಕದ ಅಂತರ) ಆ 11ರ ಅರ್ಧ, ಐದೂವರೆ ಇಂಚು. ಆಫ್‌ಸೆಟ್ ಪ್ಲಸ್ 18 ಮಿಮೀ ಆದರೆ 6.2 ಇಂಚು. ಟೈರಿನ ಹೊಟ್ಟೆ ರಿಮ್ಮಿನ ಅಂಚಿಗಿಂತ ಇನ್ನೂ ಅರ್ಧ ಇಂಚು ಆಚೆ ಉಬ್ಬುತ್ತದೆ, ಅದನ್ನೂ ಕೂಡಿಸಿ. ಹಬ್ಬಿನ ಮುಖಕ್ಕೆ ನೇರ ಪಟ್ಟಿ ಹಿಡಿದು ಹಿಂದೆ ಲೀಫ್ ಸ್ಪ್ರಿಂಗ್, ಶಾಕ್, ಬ್ರೇಕ್ ಪೈಪುಗಳ ತನಕ, ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಟೈ ರಾಡ್, ಸ್ವೇ ಬಾರ್ ತನಕ ಅಳೆಯಿರಿ. ಎಲ್ಲೂ 13 ಮಿಮೀಗಿಂತ ಕಡಿಮೆ ಉಳಿಯಬಾರದು. ಗಾಡಿ ಎದ್ದಾಗ ಹಿಂಭಾಗ ಕುಕ್ಕರಿಸುತ್ತದೆ, ಟೈರ್ ಅಡ್ಡಡ್ಡ ಉಬ್ಬುತ್ತದೆ. ನಿಂತಾಗ ಬೆರಳು ತೂರುವಷ್ಟಿದ್ದ ಜಾಗ ಆಗ ಇರುವುದಿಲ್ಲ.

ಆಗ ಎಲ್ಲಿ ತಾಗುತ್ತದೆ ಎಂದು ತಿಳಿಯಲು ಬಂಪ್ ಸ್ಟಾಪ್ (ಆಕ್ಸಲ್ ಮೇಲಕ್ಕೆ ಬಡಿಯದಂತೆ ತಡೆಯುವ ರಬ್ಬರ್) ತೆಗೆದು, ಜಾಕ್‌ನಲ್ಲಿ ಆಕ್ಸಲ್ ಮೇಲೆತ್ತಿ ನೋಡುವ ಪದ್ಧತಿ ಇದೆ. ಟೈರ್ ಕಟ್ಟಿಸುವ ಮುನ್ನ ಬರಿಯ ರಿಮ್ ಹಾಕಿ ಕ್ಯಾಲಿಪರ್ ಸುತ್ತ 3 ಮಿಮೀ ಸಂದು ಸಿಗುವುದೇ ಎಂದು ತಿರುಗಿಸಿ ನೋಡಿ. ಟೈರ್ ಕಟ್ಟಿದ ರಿಮ್ಮನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಟೈರ್ ಕಟ್ಟುವುದು, ಗಾಲಿ ಹಾಕುವುದು

ತಿರುಗುವ ದಿಕ್ಕಿನ ಬಾಣ ಪಕ್ಕೆಯಲ್ಲಿದ್ದರೆ ಎಡ ಬಲ ಮೊದಲೇ ಗುರುತಿಸಿ ಅಂಗಡಿಗೆ ಹೇಳಿ. ಬೀಡ್ (ರಿಮ್ಮನ್ನು ಹಿಡಿಯುವ ಟೈರಿನ ಅಂಚು) ಕೂರಿಸಲು 40 ಪಿಎಸ್ಐ ದಾಟಿಸಬಾರದು. ಕೂರದಿದ್ದರೆ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ ಮತ್ತೆ ಪ್ರಯತ್ನಿಸಬೇಕು. ಆಮೇಲೆ ಆ ಜಾರುವ ದ್ರವ ಒಣಗಲು ಒಂದು ದಿನ ಬಿಡಿ. ಅದೇ ದಿನ ಸ್ಟ್ರಿಪ್‌ಗೆ ಹೋದರೆ ರಿಮ್ಮು ಟೈರಿನೊಳಗೇ ತಿರುಗಿ ಬ್ಯಾಲೆನ್ಸ್ ಕೆಡುತ್ತದೆ. ಟೈರಿನಿಂದ ರಿಮ್ಮಿಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಿ; ಓಟವಾದ ಮೇಲೆ ಗೆರೆ ಮುರಿದಿದ್ದರೆ ಟೈರ್ ಜಾರಿದೆ ಎಂದರ್ಥ. ಅಂಟಿಸುವ ಬ್ಯಾಲೆನ್ಸ್ ತೂಕ ಕ್ಯಾಲಿಪರ್ ಎದುರಿಗೆ ಬರದಂತೆ ನೋಡಿಕೊಳ್ಳಿ.

ಜಾಕ್ 3 ಟನ್ನಿನದು ಸಾಕು, ಸ್ಟ್ಯಾಂಡ್ 6 ಟನ್ನಿನವು ಇರಲಿ. ಹಿಂದೆ ಆಕ್ಸಲ್ ಕೊಳವೆಯ ಕೆಳಗೆ ಎತ್ತಿ, ಡಿಫರೆನ್ಷಿಯಲ್ ಮುಚ್ಚಳಕ್ಕೆ ಜಾಕ್ ಕೊಡಬೇಡಿ. ಮುಂದೆ ಗಟ್ಟಿ ಆಕ್ಸಲ್ ಇರುವ ಫೋರ್ಡ್, ರಾಮ್‌ಗಳಿಗೂ ಕೊಳವೆಯೇ. ಶೆವಿಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಲ್ಲಿ ಗಾಡಿಯ ಪುಸ್ತಕದಲ್ಲಿ ತೋರಿಸಿದ ಜಾಗ.

1. ಹಬ್ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆದು ಒರೆಸಿ. ಡಿಸ್ಕ್ ಹಿಡಿದಿಡಲು ಕಾರ್ಖಾನೆಯವರು ಸ್ಟಡ್ಡಿಗೆ ಹಾಕಿದ ತಗಡಿನ ಕ್ಲಿಪ್ ಇದ್ದರೆ ಕಿತ್ತುಹಾಕಿ. ಅದು ಉಳಿದರೆ ರಿಮ್ ಸಪಾಟಾಗಿ ಕೂರುವುದಿಲ್ಲ.
2. ರಿಮ್ಮಿನ ಹಿಂಬದಿಯಲ್ಲೂ ನಟ್ ಕೂರುವ ಶಂಕುವಿನಲ್ಲೂ ಪೌಡರ್ ಕೋಟಿಂಗ್ ದಪ್ಪವಾಗಿದ್ದರೆ ಕೆರೆಯಿರಿ. ಒತ್ತಡಕ್ಕೆ ಬಣ್ಣ ಚಪ್ಪಟೆಯಾದಷ್ಟೂ ನಟ್ ಸಡಿಲ.
3. ಮರೆಗೆ ಎಣ್ಣೆ, ಗ್ರೀಸ್ ಬೇಡ. ಒಣಮರೆಗೆ ಕೊಟ್ಟ ಟಾರ್ಕ್ ಅಂಕಿಯನ್ನು ಎಣ್ಣೆ ಹಚ್ಚಿದ ಸ್ಟಡ್ಡಿಗೆ ಹಾಕಿದರೆ ಸ್ಟಡ್ ಹಿಗ್ಗುತ್ತದೆ.
4. ಎಂಟೂ ನಟ್ಟನ್ನು ಕೈಯಲ್ಲಿ ಹಾಕಿ, ಸುತ್ತು ಎಣಿಸಿ. ಗಾಲಿ ನೆಲಕ್ಕೆ ತಾಗುವ ಮೊದಲು 50 ಪೌಂಡ್-ಅಡಿ, ತಾಗಿದ ಮೇಲೆ 100, ಆಮೇಲೆ ಪೂರ್ತಿ. ಪ್ರತಿ ಸಲವೂ ಒಂದು ನಟ್, ಅದರ ಎದುರಿನದು, ಆಮೇಲೆ ಅಡ್ಡ ಜೋಡಿ.
5. ಪೂರ್ತಿ ಅಂಕಿ ಸೂಪರ್ ಡ್ಯೂಟಿಗೆ 165 ಪೌಂಡ್-ಅಡಿ, ಶೆವಿ ಹೆವಿ ಡ್ಯೂಟಿಗೆ 140. ರಾಮ್‌ನಲ್ಲಿ ವರ್ಷಕ್ಕೆ ತಕ್ಕಂತೆ ಬದಲಾಗುವುದರಿಂದ ಗಾಡಿಯ ಪುಸ್ತಕ ತೆರೆಯಿರಿ. ರಿಮ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅವರದ್ದೇ ಪ್ರಮಾಣ.

ಇಂಪ್ಯಾಕ್ಟ್ ಗನ್ ಬಿಚ್ಚಲು ಮಾತ್ರ. 80 ಕಿಮೀ ಓಡಿಸಿದ ಮೇಲೆ ಮತ್ತೆ ಟಾರ್ಕ್ ನೋಡಿ, ಮೊದಲ ಓಟ ಮುಗಿದು ಗಾಲಿ ತಣಿದ ಮೇಲೆ ಇನ್ನೊಮ್ಮೆ.

ಟೈರ್ ಅಳತೆಯನ್ನು ಕಂಪ್ಯೂಟರಿಗೂ ತಿಳಿಸಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ಶೇಕಡಾ 15 ಹೆಚ್ಚು ತೋರಿಸುತ್ತದೆ, ಗೇರ್ ಬದಲಾವಣೆಯೂ ತಪ್ಪುತ್ತದೆ. ಫೋರ್ಡ್‌ಗೆ ಫೋರ್‌ಸ್ಕ್ಯಾನ್, ರಾಮ್‌ಗೆ ಆಲ್ಫಾಒಬಿಡಿ, ಶೆವಿಗೆ ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್ಐಲೈವ್ ಬಳಸುತ್ತಾರೆ.

ಹಿಡಿತ ಹೆಚ್ಚಿದರೆ ಮುರಿಯುವುದು ಏನು

ಗಟ್ಟಿ ಟೈರ್ ಇಷ್ಟು ದಿನ ಜಾರಿ ಜಾರಿ ಉಳಿದ ಭಾಗಗಳನ್ನು ಕಾಪಾಡುತ್ತಿತ್ತು. ಹೊಸ ಟೈರ್ ಜಾರುವುದಿಲ್ಲ, ಹಾಗಾಗಿ ಮುಂದಿನ ದುರ್ಬಲ ಕೊಂಡಿ ಯಾವುದೋ ಅದು ಬಾಯಿ ಬಿಡುತ್ತದೆ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗ್ ಎಸ್ ಆಕಾರಕ್ಕೆ ಬಾಗಿ, ಹಿಂದೆ ದಡದಡ ಕುಣಿತ ಶುರುವಾಗುತ್ತದೆ. ಟ್ರ್ಯಾಕ್ಷನ್ ಬಾರ್ (ಆಕ್ಸಲ್ ತಿರುಚದಂತೆ ತಡೆಯುವ ಸರಳು) ಇಲ್ಲದೆ ಡ್ರ್ಯಾಗ್ ಟೈರ್ ಹಾಕುವುದು ಶಾಫ್ಟ್ ಮುರಿಯಲು ಕೊಟ್ಟ ಆಹ್ವಾನ. ಕುಣಿತ ಬಂದ ತಕ್ಷಣ ಕಾಲು ತೆಗೆಯಿರಿ, ಸಹಿಸಿಕೊಂಡು ಹೋಗಬೇಡಿ. ಡ್ಯೂರಾಮ್ಯಾಕ್ಸ್ ಡೀಸೆಲ್ ಎಂಜಿನ್ನಿನ ಶೆವಿಗಳಲ್ಲಿ ಫೋರ್ ವೀಲ್‌ನಲ್ಲಿ ಎಬ್ಬಿಸುವಾಗ ಮುಂದಿನ ಗಾಲಿಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ಟೈ ರಾಡ್ ಬಾಗುತ್ತದೆ. ಟೈ ರಾಡ್ ಸ್ಲೀವ್‌ಗೆ ಹೆಚ್ಚು ದುಡ್ಡಾಗುವುದಿಲ್ಲ. ಟೈರ್ ಬಿಲ್ಲಿನ ಜೊತೆಗೇ ಹಾಕಿಸಿ.

ಎನ್‌ಎಚ್‌ಆರ್‌ಎ ನಿಯಮದಲ್ಲಿ ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ ಸ್ಲಿಕ್ ಹಾಕಿದರೆ ಡ್ರೈವ್‌ಶಾಫ್ಟ್ ಲೂಪ್ (ಶಾಫ್ಟ್ ಮುರಿದರೆ ನೆಲಕ್ಕೆ ಬೀಳದಂತೆ ಹಿಡಿಯುವ ಬಳೆ) ಕಡ್ಡಾಯ, ಮುಂದಿನ ಯು-ಜಾಯಿಂಟ್‌ನಿಂದ 6 ಇಂಚಿನೊಳಗೆ. ತಪಾಸಣೆಯಲ್ಲಿ ಟೈರಿನ ಮೈ 1/16 ಇಂಚಾದರೂ ಉಳಿದಿರಬೇಕು, ಹಬ್‌ಕ್ಯಾಪ್ ತೆಗೆದಿರಬೇಕು.

ಗಾಳಿ ಮತ್ತು ಗುರುತು

ಹಿಂದೆ 28 ಪಿಎಸ್ಐನಿಂದ ಶುರು ಮಾಡಿ, ಒಂದೊಂದು ಓಟಕ್ಕೆ 2 ಇಳಿಸುತ್ತ ಬನ್ನಿ. ಮುಂದೆ 35ಕ್ಕಿಂತ ಕೆಳಗೆ ಹೋಗಬೇಡಿ. 1000 ಕೆಜಿ ಹೊತ್ತ ಪಕ್ಕೆ ಅಲ್ಲಿ ಮಡಚಿಕೊಂಡರೆ ಸ್ಟೀರಿಂಗ್ ಹೋಯಿತು. ಗಾಳಿ ನೋಡುವುದು ಯಾವಾಗಲೂ ಟೈರ್ ತಣ್ಣಗಿರುವಾಗ, ನೆರಳಿನಲ್ಲಿ.

ಎಷ್ಟು ಸರಿ ಎಂಬುದನ್ನು ನೆಲದ ಕಪ್ಪು ಗುರುತೇ ಹೇಳುತ್ತದೆ. ಎರಡು ಅಂಚು ದಟ್ಟ, ನಡುವೆ ತೆಳು: ಗಾಳಿ ಕಡಿಮೆಯಾಗಿದೆ. ನಡುವೆ ದಟ್ಟ: ಇನ್ನೂ ಇಳಿಸಬಹುದು. ಅಗಲಕ್ಕೂ ಸಮನಾಗಿ ಬಿದ್ದರೆ ಅಲ್ಲಿಗೆ ನಿಲ್ಲಿಸಿ, ಅಂಕಿ ಬರೆದಿಟ್ಟುಕೊಳ್ಳಿ. ಕೊನೆಯ ಗೆರೆಯ ಹತ್ತಿರ ಹಿಂಭಾಗ ಓಲಾಡಿದರೆ ಕಪ್ಪು ಗುರುತು ಎಷ್ಟೇ ಚೆನ್ನಾಗಿದ್ದರೂ 2 ಪಿಎಸ್ಐ ಏರಿಸಿ.

ಓಟಕ್ಕೆ ಮುಂಚೆ ಟೈರ್ ತಿರುಗಿಸಿ ಬಿಸಿ ಮಾಡಲು ಸ್ಟ್ರಿಪ್‌ನಲ್ಲಿ ನೀರಿನ ಗುಂಡಿ ಇರುತ್ತದೆ. ಅದನ್ನು ಸುತ್ತಿ ಮುಂದೆ ಹೋಗಿ, ಹಿಂದಿನ ಗಾಲಿಯನ್ನಷ್ಟೇ ಒದ್ದೆ ಅಂಚಿಗೆ ತನ್ನಿ. ಮುಂದಿನ ಟೈರಿನ ಕಾಲುವೆಗಳಲ್ಲಿ ನೀರು ಕೂತರೆ ಅದು ನಿಮ್ಮ ಜೊತೆ ಶುರುವಿನ ಗೆರೆಯ ತನಕ ಬರುತ್ತದೆ. ಟೂ ವೀಲ್‌ನಲ್ಲಿ ಹಿಂದಿನವನ್ನು ತಿರುಗಿಸಿ, ಹೊಗೆ ಕಾಣಿಸಿಕೊಂಡ ಕೂಡಲೇ ಬಿಡಿ; ರೇಡಿಯಲ್‌ಗೆ ಅಷ್ಟೇ ಸಾಕು, ಹೆಚ್ಚು ಸುಟ್ಟರೆ ಮೈ ಎಣ್ಣೆಯಂತಾಗುತ್ತದೆ. ಆಮೇಲೆ ಫೋರ್ ವೀಲ್ ಹೈಗೆ ಹಾಕಿ, ಒಂದೆರಡು ಅಡಿ ನಿಧಾನ ಚಲಿಸಿ ಅದು ಕಚ್ಚಿಕೊಂಡಿದೆ ಎಂದು ಖಾತ್ರಿಯಾದ ಮೇಲೆ ಬೂಸ್ಟ್ ಕಟ್ಟಿ. ತಿರುಗುತ್ತಿರುವ ಗಾಲಿಗೆ ಫೋರ್ ವೀಲ್ ಹಾಕಬೇಡಿ.

ಮನೆಗೆ ಹೊರಡುವ ಮುನ್ನ ಹಿಂದಿನ ಗಾಳಿ ಮತ್ತೆ ತುಂಬಿ, ಪಕ್ಕೆಯಲ್ಲಿ ಬರೆದ ಗರಿಷ್ಠ ಮಿತಿಯೊಳಗೆ. ಈ ಟೈರ್ ಮೇಲೆ ಟ್ರೇಲರ್ ಎಳೆಯುವುದಾಗಲಿ, ಬೆಡ್‌ಗೆ ಸರಕು ಹೇರುವುದಾಗಲಿ ಬೇಡ. ಮಳೆ ಬಂದರೆ ವೇಗ ಅರ್ಧಕ್ಕಿಳಿಸಿ, ಕಾಲುವೆ ಕಡಿಮೆ ಇರುವ ಟೈರ್ ನೀರಿನ ಮೇಲೆ ತೇಲುತ್ತದೆ. ಮಿಷಿಗನ್, ಮಿನೆಸೋಟ ಕಡೆಯಲ್ಲಿರುವವರು ಚಳಿಗಾಲಕ್ಕೆ ಮುಂಚೆ ಇವನ್ನು ಬಿಚ್ಚಿ ಮನೆಯೊಳಗೆ ಇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಮೆತ್ತನೆಯ ರಬ್ಬರ್ ಗಾಜಿನಂತೆ ಬಿರುಸಾಗುತ್ತದೆ. ಆಗ ಉರುಳಿಸಿದರೆ ಅಥವಾ ಬಗ್ಗಿಸಿದರೆ ಸೀಳು ಬೀಳುತ್ತದೆ.